ಪುಡಿಯ ಮೂಲ ಕೇಳಬೇಕು

ನಮ್ಮ ಹಳೆಯ ಮನೆಯ ಅಡುಗೆಕಟ್ಟೆ ಕಡಪ ಕಲ್ಲಿನದು. ಅಮ್ಮ ಅದರ ಮೇಲೆ ನಿಂಬೆಹಣ್ಣು ಹಿಂಡಿದಲ್ಲೆಲ್ಲ ಬಿಳಿಚಿಕೊಂಡ ಕಲೆಗಳು ಉಳಿದಿದ್ದವು. ತಿಕ್ಕಿದರೂ ಹೋಗವು, ಎಣ್ಣೆ ಹಚ್ಚಿದರೂ ಮುಚ್ಚವು. ಮುಂದೆ ಮನೆ ರಿಪೇರಿ ಮಾಡಿಸಿದಾಗ ಕಟ್ಟೆಗೆ ಗ್ರಾನೈಟ್ ಬಂತು. ನಿಂಬೆಯೂ ಅದೇ, ಅಮ್ಮನ ಕೈಯೂ ಅದೇ. ಕಲೆ ಮಾತ್ರ ಬೀಳಲಿಲ್ಲ. 'ಗ್ರಾನೈಟ್ ಗಟ್ಟಿ ಕಲ್ಲು, ಅದಕ್ಕೇ' ಅಂದುಕೊಂಡೆವು. ಗಟ್ಟಿತನಕ್ಕೂ ಇದಕ್ಕೂ ಸಂಬಂಧವಿಲ್ಲ. ಕಡಪ ಕಲ್ಲು ಸುಣ್ಣಕಲ್ಲಿನ ಜಾತಿಯದು. ಹುಳಿ ತಾಗಿದರೆ ಅದರ ಕ್ಯಾಲ್ಸಿಯಂ ಕಾರ್ಬೊನೇಟ್ ಒಡೆದು, ಸುಣ್ಣದ ಅಂಶ ನೀರಿಗೆ ಇಳಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಗ್ರಾನೈಟ್‌ನಲ್ಲಿ ಆ ಕಾರ್ಬೊನೇಟೇ ಇಲ್ಲ. ಈ ನಿಂಬೆಯ ಕಲೆಯನ್ನು ನೆನಪಿಟ್ಟುಕೊಂಡಿರಿ, ಮುಂದೆ ಮತ್ತೆ ಬೇಕಾಗುತ್ತದೆ.

ಋಷಿಮೂಲ, ನದಿಮೂಲ ಕೇಳಬಾರದು ಎಂಬುದು ಹಿರಿಯರ ಮಾತು. ಸರಿ, ಅವೆರಡನ್ನೂ ಬಿಡೋಣ. ಕಲ್ಲುಪುಡಿಯ ಮೂಲವನ್ನು ಮಾತ್ರ ಕೇಳದೆ ಬಿಡಬಾರದು. ಕ್ರಷರ್ ಪಕ್ಕ ಗುಡ್ಡೆಬಿದ್ದ ಬೂದಿಬಣ್ಣದ ಪುಡಿ, ಪಾಲಿಶ್ ಫ್ಯಾಕ್ಟರಿಯ ಹಿಂದಿನ ಹೊಂಡದಲ್ಲಿ ಹೆಪ್ಪುಗಟ್ಟಿದ ಕೆಸರು, ಕರಾವಳಿಯ ಮುರಕಲ್ಲು ಕೋರೆಯ ತಳದಲ್ಲಿ ಉಳಿದ ಕೆಂಪು ಹುಡಿ, ಎಲ್ಲಕ್ಕೂ ನಾವಿಟ್ಟ ಹೆಸರು ಒಂದೇ: ವೇಸ್ಟು. 'ಕಲ್ಲಿನ ವೇಸ್ಟಿನಿಂದ ಇಟ್ಟಿಗೆ' ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಓದಿ ಖುಷಿಪಡುತ್ತೇವೆ, ಮರೆಯುತ್ತೇವೆ. ಅದು ಯಾವ ಕಲ್ಲಿನ ಪುಡಿ, ಎಷ್ಟು ನುಣುಪು, ಇಟ್ಟಿಗೆಯೊಳಗೆ ಹೋಗಿ ಅದು ಮಾಡುವ ಕೆಲಸವೇನು ಎಂಬ ವಿವರ ಸುದ್ದಿಯಲ್ಲಿ ಇರುವುದು ಅಪರೂಪ. ವಿಷಯ ಇರುವುದೇ ಅಲ್ಲಿ.

ಇಷ್ಟೊಂದು ಪುಡಿ ಬರುವುದಾದರೂ ಎಲ್ಲಿಂದ? ಬೆಂಗಳೂರಿನ ಪಕ್ಕದ ಜಿಗಣಿಯಲ್ಲಿ ಗ್ರಾನೈಟ್ ಕಾರ್ಖಾನೆಗಳ ಸಾಲೇ ಇದೆ. ಮನೆ ಕಟ್ಟಿಸಿದ ಬೆಂಗಳೂರಿಗರಲ್ಲಿ ಅನೇಕರು ಒಮ್ಮೆಯಾದರೂ ಅಲ್ಲಿ ಬಿಸಿಲಲ್ಲಿ ನಿಲ್ಲಿಸಿಟ್ಟ ಚಪ್ಪಡಿಗಳ ನಡುವೆ ಅಲೆದಿರುತ್ತಾರೆ. ಮುಂದುಗಡೆ ಥಳಥಳ, ಹಿಂದುಗಡೆಗೆ ಗಿರಾಕಿಗಳು ಹೋಗುವುದಿಲ್ಲ. ಅಲ್ಲಿ ಆಳೆತ್ತರದ ಕಲ್ಲಿನ ದಿಮ್ಮಿಯ ಮೇಲೆ ಹತ್ತಾರು ಉಕ್ಕಿನ ಪಟ್ಟಿಗಳನ್ನು ಸಾಲಾಗಿ ಬಿಗಿದ ಗರಗಸ ತೊಟ್ಟಿಲಿನ ಹಾಗೆ ತೂಗುತ್ತಿರುತ್ತದೆ. ಗ್ಯಾಂಗ್‌ಸಾ ಎಂದು ಅದರ ಹೆಸರು. ನಿಜ ಹೇಳಬೇಕೆಂದರೆ ಆ ಪಟ್ಟಿಗಳು ಕಲ್ಲನ್ನು ಕೊಯ್ಯುವುದಿಲ್ಲ. ಮೇಲಿನಿಂದ ಸುರಿಯುವ ನೀರಿನಲ್ಲಿ ಸುಣ್ಣವೂ ಉಕ್ಕಿನ ಸಣ್ಣ ಕಾಳುಗಳೂ ಇರುತ್ತವೆ. ಪಟ್ಟಿಯ ಕೆಳಗೆ ಸಿಕ್ಕಿದ ಆ ಕಾಳುಗಳು ಕಲ್ಲನ್ನು ಅರೆಯುತ್ತ ಅರೆಯುತ್ತ ದಾರಿ ಮಾಡುತ್ತವೆ. 18 ಮಿಲಿಮೀಟರ್ ದಪ್ಪದ ಚಪ್ಪಡಿಗೆ 6 ಮಿ.ಮೀ. ಅಗಲದ ಸೀಳು ಎಂದು ಲೆಕ್ಕ ಹಿಡಿಯಿರಿ. 24ರಲ್ಲಿ 6 ಹೋಯಿತು. ಅಂದರೆ ಕಾಲು ಭಾಗ ಕಲ್ಲು ಚಪ್ಪಡಿಯಾಗುವ ಮೊದಲೇ ಕೆಸರಾಗಿ ಹರಿಯಿತು. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.7 ಟನ್ ತೂಗುತ್ತದೆ. ಅದರಲ್ಲಿ 670 ಕೆ.ಜಿ.ಯಷ್ಟು ಹೊಂಡದ ಪಾಲು. ವಜ್ರದ ಹರಳು ಕೂಡಿಸಿದ ತಂತಿಯ ಹೊಸ ಯಂತ್ರಗಳು ಬಂದಮೇಲೆ ಸೀಳು ತೆಳುವಾಗಿದೆ, ಆದರೆ ಪುಡಿ ತಪ್ಪಿಲ್ಲ.

ಕೋರೆಯಲ್ಲಿ ಆಗುವ ನಷ್ಟ ಇನ್ನೂ ದೊಡ್ಡದು. ಕೂದಲೆಳೆಯ ಬಿರುಕು ಕಂಡರೆ ಆ ಕಲ್ಲು ನಪಾಸು. ಬಣ್ಣದ ನಡುವೆ ಪಟ್ಟೆ ಬಂದರೂ ನಪಾಸು. ಎದ್ದ ಕಲ್ಲಿನಲ್ಲಿ ಅರ್ಧಕ್ಕಿಂತ ಎಷ್ಟೋ ಕಡಿಮೆ ಮಾತ್ರ ಚಪ್ಪಡಿಗೆಂದು ಲಾರಿ ಹತ್ತುತ್ತದೆ. ಇಳಕಲ್ಲಿಗೆ ಸೀರೆ ಕೊಳ್ಳಲು ಹೋದವರು ಊರಾಚೆ ಒಂದು ಸುತ್ತು ಬಂದರೆ ಗುಲಾಬಿ-ಕೆಂಪು ಕಲ್ಲಿನ ಈ ನಪಾಸು ರಾಶಿಗಳನ್ನೂ ನೋಡಬಹುದು.

ರಾಜಸ್ಥಾನದ ಕಿಶನ್‌ಗಢದಲ್ಲಿ ಅಮೃತಶಿಲೆ ಕೊಯ್ದ ಬಿಳಿ ಕೆಸರನ್ನು ಸುರಿದೂ ಸುರಿದೂ ಗುಡ್ಡಗಳೇ ಎದ್ದಿವೆ. ಈಗ ಅದು ಪ್ರವಾಸಿ ತಾಣ. ಮದುವೆಗೆ ಮುಂಚಿನ ಫೋಟೋ ಶೂಟ್‌ಗೆ ಜೋಡಿಗಳು ಬರುತ್ತಾರೆ, ಸಿನಿಮಾದವರೂ ಬರುತ್ತಾರೆ. ಕ್ಯಾಮೆರಾದಲ್ಲಿ ಹಿಮಾಲಯದಂತೆ ಕಾಣುತ್ತದಂತೆ. ವೇಸ್ಟಿನ ಮರುಬಳಕೆಯಲ್ಲಿ ಇದನ್ನೂ ಸೇರಿಸಬೇಕೋ ಬೇಡವೋ, ನಾನು ತೀರ್ಮಾನಿಸಲಾರೆ.

ನಮ್ಮ ಹಳೆಯ ಕಲ್ಲುಕುಟಿಕರಿಗೆ ವೇಸ್ಟೇ ಇರಲಿಲ್ಲ ಎಂದರೆ ಹೊಗಳಿಕೆ ಅತಿಯಾದೀತು. ಅವರ ವೇಸ್ಟು ದಪ್ಪನಾಗಿತ್ತು, ಅಷ್ಟೆ. ಉಳಿ-ಸುತ್ತಿಗೆಯ ಏಟಿಗೆ ಹಾರಿದ ಚಕ್ಕೆ, ಸೈಜುಗಲ್ಲಿನ ಗೋಡೆಯಲ್ಲಿ ಸಂದಿಗೆ ಬೆಣೆಯಾಗಿ ಕೂರುತ್ತಿತ್ತು. ಹಂಪಿಯ ಕೋಟೆಗೋಡೆ ಕುಸಿದಿರುವ ಕಡೆ ಇಣುಕಿ ನೋಡಿ: ಹೊರಮೈಗೆ ಒಪ್ಪವಾಗಿ ಕೂಡಿಸಿದ ದೊಡ್ಡ ಕಲ್ಲುಗಳು, ಹೊಟ್ಟೆಯೊಳಗೆ ಮಣ್ಣು, ಚೂರುಗಲ್ಲು. ದಪ್ಪ ವೇಸ್ಟಿಗೆ ಇವತ್ತೂ ದಾರಿ ಸುಲಭ. ನಪಾಸು ಕಲ್ಲು ಕ್ರಷರ್‌ಗೆ ಹೋಗಿ ಜಲ್ಲಿಯಾಗುತ್ತದೆ, ಚಪ್ಪಡಿಯ ಅಂಚಿನ ತುಂಡುಗಳು ಅಂಗಳದ ಹಾಸಾಗುತ್ತವೆ. ತಲೆನೋವು ಶುರುವಾಗುವುದು ಪುಡಿಯಿಂದ.

ಯಾಕೆ ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಒಂದು ಕಲ್ಲಿನ ದಾಳ ತೆಗೆದುಕೊಳ್ಳಿ. ಆರು ಮುಖ, ಒಟ್ಟು ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ಮೈಕ್ರಾನ್ ಅಳತೆಯ ದಾಳಗಳಾಗಿ ಒಡೆದರೆ, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗದವು, 100 ಕೋಟಿ ಚೂರುಗಳಾಗುತ್ತವೆ. ಅವೆಲ್ಲದರ ಮೈ ಒಟ್ಟುಗೂಡಿಸಿದರೆ 6,000 ಚದರ ಸೆಂಟಿಮೀಟರ್. ತೂಕ ಅಷ್ಟೇ, ಮೈ ಸಾವಿರ ಪಟ್ಟು. ಬೆರಳ ತುದಿಯಲ್ಲಿ ಕೂರುವ ಕಲ್ಲು ಪುಡಿಯಾದಾಗ ಎರಡು ಊಟದೆಲೆಯಷ್ಟು ಹರಡಿಕೊಂಡಿತು. ಕಾಂಕ್ರೀಟಿನಲ್ಲಿ ಆ ಮೈಯೆಲ್ಲ ಒದ್ದೆಯಾಗಬೇಕು, ಆ ಮೈಗೆಲ್ಲ ಸಿಮೆಂಟಿನ ಅಂಟು ಹತ್ತಬೇಕು.

ಬೂಂದಿ ಲಾಡು ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಡೀ ಕಾಳುಗಳ ನಡುವೆ ಒಂದಿಷ್ಟು ಪುಡಿಯಾದ ಬೂಂದಿ ಇದ್ದರೆ ಸಂದಿ ತುಂಬಿ ಉಂಡೆ ಬಿಗಿಯಾಗಿ ನಿಲ್ಲುತ್ತದೆ. ಪುಡಿಯೇ ಹೆಚ್ಚಾದರೆ ಎಷ್ಟು ಪಾಕ ಸುರಿದರೂ ಕುಡಿದು ಮುಗಿಸುತ್ತದೆ. ಕಾಂಕ್ರೀಟಿನಲ್ಲೂ ಹಾಗೇ. ಪುಡಿ ಜಾಸ್ತಿಯಾದರೆ ಕಲಸು ಒರಟಾಗುತ್ತದೆ, ಕೆಲಸಗಾರರು ಸಲೀಸಾಗಲೆಂದು ಇನ್ನೊಂದು ಬಕೆಟ್ ನೀರು ಹೊಯ್ಯುತ್ತಾರೆ, ಆ ನೀರು ಮುಂದೆ ಆರಿಹೋಗಿ ಒಳಗೆ ಖಾಲಿ ತೂತುಗಳನ್ನು ಬಿಟ್ಟು ಹೋಗುತ್ತದೆ. ಕಾಂಕ್ರೀಟು ಸೊರಗುವುದು ಹೀಗೆ.

ಎಂ-ಸ್ಯಾಂಡಿಗೂ ಕ್ರಷರ್ ಡಸ್ಟಿಗೂ ಇರುವ ವ್ಯತ್ಯಾಸ ಇದರಿಂದಲೇ ಬಂದದ್ದು. ನದಿಯ ಮರಳು ಉರುಳುತ್ತ ಉರುಳುತ್ತ ಗುಂಡಗಾಗಿರುತ್ತದೆ. ಜಲ್ಲಿ ಒಡೆಯುವಾಗ ಉದುರುವ ಡಸ್ಟು ಚಪ್ಪಟೆ, ಚೂಪು. ಎಂ-ಸ್ಯಾಂಡ್ ಮಾಡುವ ಯಂತ್ರ ಕಲ್ಲನ್ನು ಕಲ್ಲಿಗೇ ಎಸೆದು ಮೂಲೆಗಳನ್ನು ಮುರಿಯುತ್ತದೆ. ಆಮೇಲೆ ತೊಳೆದೋ ಗಾಳಿ ಹಾಯಿಸಿಯೋ ಅತಿ ನುಣುಪು ಪುಡಿಯನ್ನು ಬೇರ್ಪಡಿಸುತ್ತಾರೆ. 75 ಮೈಕ್ರಾನಿಗಿಂತ ಸಣ್ಣ ಪುಡಿ ನದಿಮರಳಿನಲ್ಲಿ ಶೇ. 3 ದಾಟಬಾರದು, ಕಲ್ಲು ಒಡೆದು ಮಾಡಿದ ಮರಳಿನಲ್ಲಿ ಶೇ. 15ರವರೆಗೆ ಇರಬಹುದು ಎಂದು ಭಾರತೀಯ ಮಾನಕ ಐಎಸ್ 383 ಹೇಳುತ್ತದೆ. ಒಂದಕ್ಕೆ ಇಷ್ಟು ಬಿಗಿ, ಇನ್ನೊಂದಕ್ಕೆ ಇಷ್ಟು ಸಡಿಲ ಯಾಕೆ? ಇಲ್ಲೂ ಮೂಲದ ಪ್ರಶ್ನೆಯೇ. ನದಿಮರಳಿನ ನುಣುಪು ಪುಡಿ ಬಹುಪಾಲು ಜೇಡಿ. ಅದು ನೀರು ಕುಡಿದು ಊದುತ್ತದೆ, ಮರಳಿನ ಕಾಳಿಗೆ ಅಂಟಿಕೊಂಡು ಸಿಮೆಂಟನ್ನು ಹತ್ತಿರ ಬಿಡುವುದಿಲ್ಲ. ಒಡೆದ ಮರಳಿನ ಪುಡಿ ಬರೀ ಕಲ್ಲು. ಅಳತೆ ಒಂದೇ ಆದರೂ ನಡತೆ ಬೇರೆ. ಕೆರೆ-ಹೊಲಗಳ ಮಣ್ಣನ್ನು ತೊಳೆದು 'ಫಿಲ್ಟರ್ ಮರಳು' ಎಂದು ಕಳ್ಳತನದಲ್ಲಿ ಮಾರುತ್ತಾರಲ್ಲ, ಅದು ಕೆಟ್ಟದ್ದು ಎನ್ನುವುದಕ್ಕೂ ಕಾರಣ ಈ ಜೇಡಿಯೇ.

ಇಲ್ಲಿಯವರೆಗೆ ಪುಡಿ ಬರೀ ಜಾಗ ತುಂಬಿತು. ಅದು ಸಿಮೆಂಟಿನ ಜೊತೆ ಕೂಡಿ ಗಟ್ಟಿಯಾಗಬಲ್ಲದೇ ಎಂಬುದು ಇನ್ನೂ ಸ್ವಾರಸ್ಯದ ಪ್ರಶ್ನೆ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಅದರ ಕಲ್ಲುಗಳನ್ನು ಬೆಸೆದದ್ದು ಸುರ್ಕಿ ಗಾರೆ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣ. ಇಟ್ಟಿಗೆಪುಡಿಯೂ ಒಂದು ವೇಸ್ಟೇ. ಸುಣ್ಣದ ಜೊತೆ ನೀರಿನಲ್ಲಿ ಅದು ನಿಧಾನವಾಗಿ ಕೂಡಿಕೊಂಡು ಕಲ್ಲಾಗುತ್ತದೆ. ಅದೇ ಜಾಗಕ್ಕೆ ಗ್ರಾನೈಟ್ ಪುಡಿ ಹಾಕಿದ್ದರೆ? ಆಗುತ್ತಿರಲಿಲ್ಲ. ಎರಡರಲ್ಲೂ ಸಿಲಿಕಾ ಇದೆ, ಗ್ರಾನೈಟ್‌ನಲ್ಲಂತೂ ಶೇ. 70ರ ಸುಮಾರಿಗೆ ಇದೆ. ಆದರೂ ಆಗುವುದಿಲ್ಲ.

ರಾಮನಗರದ ಬೆಟ್ಟಗಳನ್ನು ನೋಡಿದ್ದೀರಲ್ಲ? ಆ ಕಲ್ಲಿಗೆ ಭೂವಿಜ್ಞಾನದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ಊರಿನ ಹಳೆಯ ಹೆಸರು ಅದೇ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿದ ಶಿಲೆ ಬಹಳ ಪುರಸೊತ್ತಿನಿಂದ ತಣಿಯಿತು. ಸಿಲಿಕಾನ್, ಆಮ್ಲಜನಕದ ಪರಮಾಣುಗಳಿಗೆ ತಮ್ಮ ತಮ್ಮ ಜಾಗ ಹುಡುಕಿ ಸಾಲಾಗಿ ಕೂರಲು ಬೇಕಾದಷ್ಟು ಸಮಯ ಸಿಕ್ಕಿತು. ಹಾಗೆ ಕೂತ ಹರಳೇ ಬೆಣಚು. ಅದಕ್ಕೆ ಇನ್ನು ಯಾರ ಸಂಗವೂ ಬೇಡ. ಇಟ್ಟಿಗೆಯ ಜೇಡಿಯ ಕತೆ ಬೇರೆ. ಗೂಡಿನ ಬೆಂಕಿಯಲ್ಲಿ ಹರಳಿನೊಳಗೆ ಬಂಧಿಯಾಗಿದ್ದ ನೀರು ಕಿತ್ತುಹೋಗಿ, ಸಾಲು ಕುಸಿದು, ಪರಮಾಣುಗಳು ಚೆಲ್ಲಾಪಿಲ್ಲಿಯಾಗಿ ನಿಂತಿರುತ್ತವೆ. ನೆಲೆ ತಪ್ಪಿದ ಅವು ಸುಣ್ಣ ಸಿಕ್ಕಿದ ಕೂಡಲೇ ಕೈ ಹಿಡಿಯುತ್ತವೆ. ರಾಸಾಯನಿಕ ವಿಶ್ಲೇಷಣೆಯ ಪಟ್ಟಿಯಲ್ಲಿ ಎರಡಕ್ಕೂ 'ಸಿಲಿಕಾ' ಎಂದೇ ಬರೆದಿರುತ್ತದೆ. ಪಟ್ಟಿ ನೋಡಿ ಮೋಸಹೋದವರು ಬಹಳ ಜನ. ಗ್ರಾನೈಟ್ ಪುಡಿ ಸೇರಿಸಿದಾಗ ಕಾಂಕ್ರೀಟಿನ ಬಲ ಸ್ವಲ್ಪ ಏರಿದರೆ, ಪುಡಿ ಸಿಮೆಂಟಿನಂತೆ ವರ್ತಿಸಿತು ಎಂದು ಬರೆದುಬಿಡುತ್ತಾರೆ. ಅದು ಬೂಂದಿಯ ಪುಡಿಯಂತೆ ಸಂದಿ ತುಂಬಿತು, ಸಿಮೆಂಟಿನ ಹರಳು ಮೊಳೆಯಲು ಒಂದಷ್ಟು ಮೈ ಒದಗಿಸಿತು. ಅದೂ ಉಪಕಾರವೇ. ಆದರೆ ಆ ಪುಡಿ ಸಿಮೆಂಟಲ್ಲ.

ಮಲಗಿದ ಬೆಣಚನ್ನು ಎಬ್ಬಿಸುವ ಉಪಾಯಗಳೂ ಇವೆ. ಒಂದು, ಕುಕ್ಕರ್. ಮನೆಯ ಕುಕ್ಕರಿನಲ್ಲಿ ಹಬೆ 120 ಡಿಗ್ರಿಯ ಹತ್ತಿರ ಬರುತ್ತದೆ. ಕಾರ್ಖಾನೆಯ ಆಟೋಕ್ಲೇವ್ ಎಂಬ ದೈತ್ಯ ಕುಕ್ಕರಿನಲ್ಲಿ 180-190 ಡಿಗ್ರಿ, ಹತ್ತು-ಹನ್ನೆರಡು ಪಟ್ಟು ವಾಯುಒತ್ತಡ. ಅಷ್ಟು ಬೇಯಿಸಿದರೆ ಬೆಣಚಿನ ಪುಡಿಯೂ ಸುಣ್ಣದ ಜೊತೆ ಕೂಡುತ್ತದೆ. ಜರ್ಮನಿಯ ವಿಲ್‌ಹೆಲ್ಮ್ ಮಿಖಾಯಲಿಸ್ ಈ ಬಗೆಯ ಮರಳು-ಸುಣ್ಣದ ಇಟ್ಟಿಗೆಗೆ 1880ರಲ್ಲೇ ಪೇಟೆಂಟ್ ಪಡೆದಿದ್ದ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಹಗುರ ಎಎಸಿ ಬ್ಲಾಕುಗಳು ಇದೇ ಕುಲದವು. ನಮ್ಮಲ್ಲಿ ಅವಕ್ಕೆ ಬಹುಪಾಲು ಹಾರುಬೂದಿ ಬಳಸುತ್ತಾರೆ. ಇನ್ನೊಂದು ಉಪಾಯ, ಗೂಡು. ಗ್ರಾನೈಟ್‌ನಲ್ಲಿ ಬೆಣಚಿನ ಜೊತೆ ಫೆಲ್ಡ್‌ಸ್ಪಾರ್ ಎಂಬ ಖನಿಜವಿದೆ. ವಿಟ್ರಿಫೈಡ್ ಟೈಲ್ಸ್ ಮಾಡುವವರು ದುಡ್ಡು ಕೊಟ್ಟು ತರಿಸುವ ಖನಿಜ ಅದು. ಗೂಡಿನ ಶಾಖದಲ್ಲಿ ಅದು ಕರಗಿ ಗಾಜಿನಂತೆ ಹರಿದು ಉಳಿದ ಕಣಗಳನ್ನು ಬೆಸೆಯುತ್ತದೆ. ಗ್ರಾನೈಟ್ ಕೆಸರನ್ನು ಟೈಲ್ಸಿಗೆ, ಹೆಂಚಿಗೆ ಸೇರಿಸುವ ಪ್ರಯೋಗಗಳು ಬ್ರೆಜಿಲ್‌ನಲ್ಲಿ ಬೇಕಾದಷ್ಟು ಆಗಿವೆ. ಒಂದೇ ತೊಡಕು: ಗ್ಯಾಂಗ್‌ಸಾದ ಉಕ್ಕಿನ ಕಾಳು ಕೆಸರಿನಲ್ಲೇ ಉಳಿದಿರುತ್ತದೆ. ತೆಗೆಯದಿದ್ದರೆ ಬಿಳಿ ಟೈಲಿನ ಮೇಲೆ ತುಕ್ಕಿನ ಚುಕ್ಕೆ.

ಚಾಮರಾಜನಗರದ ಕರಿಕಲ್ಲಿಗೆ ಈ ಮಾತು ಹೊಂದುವುದಿಲ್ಲ. ವ್ಯಾಪಾರಿಗೆ ಅದು ಬ್ಲ್ಯಾಕ್ ಗ್ರಾನೈಟ್, ಭೂವಿಜ್ಞಾನಿಗೆ ಡಾಲೆರೈಟ್. ಬೆಣಚು ಇಲ್ಲವೆಂಬಷ್ಟು ಕಡಿಮೆ, ಕಬ್ಬಿಣ ಹೆಚ್ಚು. ಜಿಗಣಿಯ ಒಂದೇ ಹೊಂಡಕ್ಕೆ ಕರಿಕಲ್ಲಿನದೂ ಕೆಂಪುಕಲ್ಲಿನದೂ ಕೆಸರು ಬಿದ್ದರೆ ಎರಡೂ ಕೆಟ್ಟವು. ಒಣ ಕಸ, ಹಸಿ ಕಸ ಬೇರೆ ಮಾಡಿ ಎಂದು ಮನೆಮನೆಗೆ ಹೇಳುವ ನಾವು ಕಲ್ಲಿನ ಹೊಂಡಗಳಿಗೆ ಯಾಕೆ ಹೇಳುವುದಿಲ್ಲವೋ.

ಈಗ ನಿಂಬೆಯ ಕಲೆಗೆ ಬರೋಣ. ಕಲಬುರಗಿ ಜಿಲ್ಲೆಯ ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ನೆಲದಡಿ ಸುಣ್ಣಕಲ್ಲು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಮಲಗಿದೆ. ಹಾರೆ ಹಾಕಿ ಮೀಟಿದರೆ ಹಾಳೆ ಏಳುತ್ತದೆ. ಅದೇ ಶಹಾಬಾದ್ ಪರಸಿ. ಉತ್ತರ ಕರ್ನಾಟಕದ ಎಷ್ಟೋ ಮನೆಗಳ ನೆಲ, ಬಚ್ಚಲು, ಜಗುಲಿ ಎಲ್ಲ ಅದರದ್ದೇ. ಹಾಳೆ ಎಬ್ಬಿಸುವಾಗ ಒಡೆದದ್ದು, ಅಂಚು ಕೊಯ್ದದ್ದು, ಪಾಲಿಶ್ ಹಿಡಿದ ಕೆಸರು, ಇವು ದಾರಿ ಬದಿಗೆ ಬೀಳುತ್ತವೆ. ಅದೇ ಜಿಲ್ಲೆಯ ವಾಡಿ, ಮಳಖೇಡದಲ್ಲಿ ಭಾರಿ ಸಿಮೆಂಟ್ ಕಾರ್ಖಾನೆಗಳು ಅದೇ ಸುಣ್ಣಕಲ್ಲನ್ನು ಸಿಡಿಮದ್ದಿಟ್ಟು ತೆಗೆದು ಪುಡಿ ಮಾಡುತ್ತವೆ!

ಸಿಮೆಂಟ್ ಗೂಡಿನಲ್ಲಿ ಸುಣ್ಣಕಲ್ಲನ್ನು 1,450 ಡಿಗ್ರಿಗೆ ಕಾಯಿಸುತ್ತಾರೆ. ಅಮ್ಮನ ಕಟ್ಟೆಯ ಮೇಲೆ ಹುಳಿ ಮಾಡಿದ ಕೆಲಸವನ್ನೇ ಇಲ್ಲಿ ಬೆಂಕಿ ಮಾಡುತ್ತದೆ: ಕಾರ್ಬೊನೇಟ್ ಒಡೆದು ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. 100 ಕೆ.ಜಿ. ಶುದ್ಧ ಸುಣ್ಣಕಲ್ಲು ಸುಟ್ಟರೆ 44 ಕೆ.ಜಿ. ಗಾಳಿಗೆ. ಇದು ಕಲ್ಲಿನೊಳಗಿಂದಲೇ ಬಂದದ್ದು, ಕಲ್ಲಿದ್ದಲಿನ ಹೊಗೆ ಇದಕ್ಕೆ ಹೊರತು. ಗೂಡಿಗೆ ಸೂರ್ಯನ ಶಾಖವನ್ನೇ ಕೊಟ್ಟರೂ ಈ ಪಾಲು ತಪ್ಪುವುದಿಲ್ಲ. ಜಗತ್ತು ಉಗುಳುವ ಕಾರ್ಬನ್ ಡೈಆಕ್ಸೈಡಿನಲ್ಲಿ ಶೇ. 7ರಷ್ಟು ಸಿಮೆಂಟಿನದು ಎನ್ನುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ.

ಹಾಗಾದರೆ ಸುಣ್ಣಕಲ್ಲಿನ ಪುಡಿಯನ್ನು ಸುಡದೆಯೇ ಸಿಮೆಂಟಿಗೆ ಬೆರೆಸಬಹುದೆ? ಬಹುದು. ಅದಕ್ಕೊಂದು ಜೊತೆಗಾರ ಬೇಕು: ಕೇಓಲಿನ್ ಇರುವ ಜೇಡಿ. ಅದನ್ನು 700-800 ಡಿಗ್ರಿಗೆ ಹುರಿದರೆ ಸುರ್ಕಿಯಂತೆ ಅದರ ಸಾಲು ಕುಸಿದು ಚುರುಕಾಗುತ್ತದೆ. ಜೇಡಿಯ ಅಲ್ಯೂಮಿನಾ, ಸುಡದ ಸುಣ್ಣಕಲ್ಲಿನ ಕಾರ್ಬೊನೇಟ್, ನೀರು ಮೂರೂ ಸೇರಿ ಹೊಸ ಹರಳು ಕಟ್ಟಿ ಸಂದಿಗಳನ್ನು ಮುಚ್ಚುತ್ತವೆ. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಕ್ಯಾರೆನ್ ಸ್ಕ್ರಿವನರ್, ಕ್ಯೂಬಾದ ಫೆರ್ನಾಂಡೊ ಮಾರ್ತಿರೇನಾ, ದೆಹಲಿ ಮತ್ತು ಮದ್ರಾಸ್ ಐಐಟಿಗಳ ವಿಜ್ಞಾನಿಗಳು ಸೇರಿ ಇದನ್ನು ರೂಪಿಸಿದರು. ಎಲ್‌ಸಿ3 ಎಂದು ಹೆಸರು. ಅರ್ಧ ಭಾಗ ಮಾಮೂಲಿ ಕ್ಲಿಂಕರ್ (ಸಿಮೆಂಟ್ ಗೂಡಿನಲ್ಲಿ ಸುಟ್ಟು ತೆಗೆದ ಗಂಟು), ಶೇ. 30 ಹುರಿದ ಜೇಡಿ, ಶೇ. 15 ಸುಡದ ಸುಣ್ಣಕಲ್ಲು, ಶೇ. 5 ಜಿಪ್ಸಂ. ಕಾರ್ಬನ್ ಹೊರೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳಿಯುತ್ತದೆ. 2023ರಲ್ಲಿ ಭಾರತೀಯ ಮಾನಕ ಐಎಸ್ 18189 ಇದಕ್ಕೆ ಒಪ್ಪಿಗೆಯ ಮುದ್ರೆ ಹಾಕಿತು. ನಮಗೆ ಬೇಕಾದ ಮಾತು ಇದು: ಆ ಶೇ. 15ಕ್ಕೆ ಗೂಡಿಗೆ ಹೋಗುವಷ್ಟು ಉತ್ತಮ ದರ್ಜೆಯ ಸುಣ್ಣಕಲ್ಲೇ ಬೇಕಿಲ್ಲ. ಅಮೃತಶಿಲೆಯ ಪುಡಿಯೂ ನಡೆಯುತ್ತದೆ, ಪರಸಿಯ ಪುಡಿಗೂ ಅಲ್ಲಿ ಜಾಗವಿದೆ. ಕೆಸರಿನ ನೀರು ಆರಿಸಬೇಕು, ಲೋಡಿನಿಂದ ಲೋಡಿಗೆ ಗುಣ ಬದಲಾಗದಂತೆ ನೋಡಿಕೊಳ್ಳಬೇಕು. ಅದು ಕಷ್ಟ, ಅಸಾಧ್ಯವಲ್ಲ.

ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಕಲ್ಲುಪುಡಿಯ ಮರುಬಳಕೆಗೆ ಎರಡು ಖಾತೆಗಳಿವೆ, ಎರಡನ್ನೂ ಕಲಸಬಾರದು. ಮರಳಿನ ಬದಲು ಪುಡಿ ಹಾಕಿದರೆ ಉಳಿಯುವುದು ನದಿ. ಕ್ಲಿಂಕರ್ ಬದಲು ಪುಡಿ ಹಾಕಿದರೆ ಉಳಿಯುವುದು ಗಾಳಿ. ಗ್ರಾನೈಟ್ ಡಸ್ಟಿನಿಂದ ಕಾಂಕ್ರೀಟ್ ಬ್ಲಾಕ್ ಮಾಡಿ, ಸಿಮೆಂಟ್ ಮಾತ್ರ ಮೊದಲಿನಷ್ಟೇ ಸುರಿದು, 'ಕಾರ್ಬನ್ ಉಳಿಸಿದೆವು' ಎಂದು ಬೋರ್ಡು ಹಾಕಿದರೆ ಅದು ಸುಳ್ಳು. ನದಿ ಉಳಿಸಿದ್ದೀರಿ, ಸಂತೋಷ; ಅಷ್ಟನ್ನೇ ಬರೆಯಿರಿ.

ಎರಡೂ ಖಾತೆಗೆ ಸ್ವಲ್ಪ ಸ್ವಲ್ಪ ಜಮಾ ಆಗುವ ಒಂದು ಕೆಲಸ ನಮ್ಮ ಊರಲ್ಲೇ ಹುಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ವಿಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಉದ್ದೇಶ. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದವರು ಅಲ್ಲಿ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಒತ್ತಿ ಮಾಡುವ ಬ್ಲಾಕುಗಳ ಮೇಲೆ ದಶಕಗಟ್ಟಲೆ ಕೆಲಸ ಮಾಡಿದರು. ಸುಡುವುದೇ ಬೇಡ. ಸುಟ್ಟ ಇಟ್ಟಿಗೆಯ ಗೋಡೆಯೊಂದರ ಹಿಂದೆ ಎಷ್ಟು ಶಕ್ತಿ ಖರ್ಚಾಗಿರುತ್ತದೋ, ಅದರ ಮೂರನೇ ಒಂದು ಭಾಗಕ್ಕೂ ಕಡಿಮೆಯಲ್ಲಿ ಮಣ್ಣಿನ ಬ್ಲಾಕಿನ ಗೋಡೆ ಏಳುತ್ತದೆ ಎಂದು ಅವರ ಲೆಕ್ಕಗಳು ತೋರಿಸಿವೆ.

ಇದರಲ್ಲಿ ಕಲ್ಲುಪುಡಿ ಎಲ್ಲಿ ಬಂತು? ಕನಕಪುರ ರಸ್ತೆಯಲ್ಲಿ ಸ್ನೇಹಿತರೊಬ್ಬರು ಮನೆ ಕಟ್ಟಿಸುವಾಗ ನಾನದನ್ನು ಹತ್ತಿರದಿಂದ ನೋಡಿದೆ. ಪಾಯ ತೆಗೆದ ಕೆಂಪು ಮಣ್ಣು ಒಂದು ಗುಡ್ಡೆ, ಪಕ್ಕದಲ್ಲಿ ಕ್ರಷರ್ ಡಸ್ಟ್ ಇನ್ನೊಂದು ಗುಡ್ಡೆ. ಮೇಸ್ತ್ರಿ ಒಂದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದದ್ದಕ್ಕೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಟ್ಟರು. ಮರಳು ಒಂದು ನಿಮಿಷದೊಳಗೆ ತಳಕ್ಕೆ ಕೂತಿತು. ಅದರ ಮೇಲೆ ನುಣುಪು ಗೋಡು. ಮರುದಿನ ಬೆಳಿಗ್ಗೆ ನೋಡಿದರೆ ಎಲ್ಲಕ್ಕೂ ಮೇಲೆ ಕೆಂಪಗೆ, ಕೆನೆಯಂತೆ ಜೇಡಿಯ ಪದರ.

"ಅಂಟು ಜಾಸ್ತಿ ಐತೆ ಸಾರ್," ಅಂದರು ಮೇಸ್ತ್ರಿ. "ಹಿಂಗೇ ಒತ್ತಿದ್ರೆ ಒಣಗ್ದಾಗ ಸೀಳ್ಬಿಡ್ತದೆ."

"ಮತ್ತೆ ಸಿಮೆಂಟ್ ಜಾಸ್ತಿ ಹಾಕ್ತೀರಾ?"

"ಸಿಮೆಂಟ್ ಹಾಕಿದ್ರೆ ದುಡ್ಡು ನಿಮ್ದು. ಡಸ್ಟ್ ಹಾಕಿದ್ರೆ ಸಾಕು."

ಜೇಡಿ ಶೇ. 30ರಷ್ಟಿರುವ ಮಣ್ಣಿಗೆ ಸಮಪಾಲು ಕಲ್ಲುಪುಡಿ ಬೆರೆಸಿದರೆ ಜೇಡಿ ಶೇ. 15ಕ್ಕೆ ಇಳಿಯುತ್ತದೆ. ಬ್ಲಾಕಿಗೆ ಬೇಕಾದ ಹದ ಹೆಚ್ಚುಕಡಿಮೆ ಅದೇ: ಮೂರರಲ್ಲಿ ಎರಡು ಪಾಲು ಮರಳಿನಂಥದ್ದು, ಜೇಡಿ ನೂರಕ್ಕೆ ಹತ್ತು-ಹದಿನೈದು ಪಾಲು. ಬೆಣಚಿನ ಸೋಮಾರಿತನ ಇಲ್ಲಿ ದೋಷವಲ್ಲ, ಗುಣ. ಅದು ಊದುವುದಿಲ್ಲ, ಕುಗ್ಗುವುದಿಲ್ಲ, ಯಾರ ತಂಟೆಗೂ ಹೋಗದೆ ಬೆನ್ನೆಲುಬಾಗಿ ನಿಲ್ಲುತ್ತದೆ. ಮಣ್ಣು, ಡಸ್ಟು, ಶೇ. 7ರಷ್ಟು ಸಿಮೆಂಟ್ ಒಣಗಿದ್ದಾಗಲೇ ಕಲಸಿ ನೀರು ಚಿಮುಕಿಸಿದರು. ಮೇಸ್ತ್ರಿ ಒಂದು ಹಿಡಿ ತೆಗೆದು ಉಂಡೆ ಕಟ್ಟಿ ಸೊಂಟದೆತ್ತರದಿಂದ ಕೈಬಿಟ್ಟರು. ನಾಲ್ಕೈದು ಹೋಳಾಯಿತು. ಹದ ಸರಿ. ಪಚಕ್ಕೆಂದು ಚಪ್ಪಟೆಯಾದರೆ ನೀರು ಹೆಚ್ಚು, ಪುಡಿಪುಡಿಯಾದರೆ ಕಡಿಮೆ. ಆಮೇಲೆ ಅಚ್ಚಿಗೆ ತೂಕ ಹಾಕಿ ಸುರಿದು, ಇಬ್ಬರು ಸೇರಿ ಉದ್ದನೆಯ ಹಿಡಿಯನ್ನು ಎಳೆದು ಕೂರಿಸಿದರು. ಮುಚ್ಚಳ ತೆಗೆದಾಗ ಎದ್ದು ಬಂದ ಬ್ಲಾಕು ಎಂಟು ಕೆ.ಜಿ. ತೂಕದ್ದು, ನಾಟಿ ಇಟ್ಟಿಗೆಯ ಎರಡೂವರೆಯಷ್ಟು ದೊಡ್ಡದು. ಮೈ ಬೆಲ್ಲದಚ್ಚಿನ ಹಾಗೆ ನುಣ್ಣಗಿತ್ತು. ಈ ಪಾಕ ಕೆಂಪು ಮಣ್ಣಿಗೆ ಮಾತ್ರ. ಎರೆಮಣ್ಣಿನ ಜೇಡಿ ಬೇರೆ ಬಗೆಯದು, ಅದಕ್ಕೆ ಸುಣ್ಣ ಬೇಕು. ಮೂಲದ ಪ್ರಶ್ನೆ ಮಣ್ಣಿಗೂ ತಪ್ಪಿದ್ದಲ್ಲ.

ಕೇಳದೆ ಬಳಸಲೇಬಾರದ ಪುಡಿಗಳೂ ಇವೆ. ಕೆಜಿಎಫ್‌ನಲ್ಲಿ 2001ರಲ್ಲಿ ಗಣಿ ಮುಚ್ಚಿದರೂ ಚಿನ್ನ ತೆಗೆದ ಕಲ್ಲಿನ ನುಣುಪು ಪುಡಿಯ ದಿಬ್ಬಗಳು ಊರ ನಡುವೆಯೇ ನಿಂತಿವೆ. ಮೂರು ಕೋಟಿ ಟನ್ನಿಗೂ ಹೆಚ್ಚು. 'ಸೈನೈಡ್ ದಿಬ್ಬ' ಎಂದು ಜನ ಸುಮ್ಮನೆ ಕರೆಯುವುದಿಲ್ಲ; ಚಿನ್ನ ಕರಗಿಸಲು ಸೈನೈಡ್ ಬಳಸಿದ ಪುಡಿ ಅದು. ಅಂಥದ್ದನ್ನು ಪರೀಕ್ಷೆಯಿಲ್ಲದೆ ಗೋಡೆಗೆ ಹಾಕುವ ಮಾತೇ ಇಲ್ಲ.

ಬೆಣಚಿನ ಪುಡಿಗೆ ವಿಷ ಸೇರಿಸುವುದೂ ಬೇಕಿಲ್ಲ, ಉಸಿರಿಗೆ ಸಿಕ್ಕರೆ ಅದೇ ಸಾಕು. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ನಾಲ್ಕೈದು ಮೈಕ್ರಾನಿನ ಬೆಣಚು ಶ್ವಾಸಕೋಶದ ಕೊನೆಯ ಗೂಡಿನವರೆಗೂ ಇಳಿಯುತ್ತದೆ. ಅಲ್ಲಿ ಕರಗುವುದಿಲ್ಲ, ಹೊರಬರುವುದಿಲ್ಲ. ಸುತ್ತ ಗಾಯದ ಕಲೆ ಕಟ್ಟುತ್ತ ಹೋಗುತ್ತದೆ. ಅದೇ ಸಿಲಿಕೋಸಿಸ್, ವಾಸಿಯಾಗದ ಕಾಯಿಲೆ. ಬೆಣಚಿನ ಪುಡಿಗೆ ರಾಳ ಬೆರೆಸಿ ಒತ್ತಿದ ಅಡುಗೆಕಟ್ಟೆಯ ಕೃತಕ ಕಲ್ಲನ್ನು ಪುಡಿಗೆ ಬೆಲೆ ತಂದ ಜಾಣ ಸರಕು ಎಂದೇ ಜಗತ್ತು ಕೊಂಡಿತ್ತು. ಅದನ್ನು ಕೊಯ್ಯುವ ಚಿಕ್ಕ ವಯಸ್ಸಿನ ಕೆಲಸಗಾರರು ಸಿಲಿಕೋಸಿಸ್‌ಗೆ ತುತ್ತಾದ ಮೇಲೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದರ ತಯಾರಿಕೆ, ಮಾರಾಟ, ಜೋಡಣೆ ಎಲ್ಲವನ್ನೂ ನಿಷೇಧಿಸಿತು. ನಮ್ಮಲ್ಲಿ ಸಿಗುತ್ತಿದೆ. ಕಲ್ಲಿನ ಕೆಸರು ಹಸಿಯಿರುವಾಗ ನಿರಪಾಯ. ಬೇಸಿಗೆಯಲ್ಲಿ ಹೊಂಡ ಒಣಗಿ ಗಾಳಿ ಎದ್ದಾಗ ಅಪಾಯ. ಮರುಬಳಕೆಯ ಯಾವ ಯೋಜನೆಯೇ ಆಗಲಿ, ಪುಡಿಯನ್ನು ಒಣಗಿಸಿ ಜರಡಿ ಹಿಡಿಯುವವರು ಯಾರು, ಅವರ ಮೂಗಿಗೆ ಏನಿದೆ ಎಂದು ನಾನು ಮೊದಲು ನೋಡುತ್ತೇನೆ. ಅಲ್ಲಿ ಬರೀ ಕರ್ಚೀಫು ಕಂಡರೆ ಉಳಿದ ಲೆಕ್ಕ ಓದುವುದಿಲ್ಲ.

ಮನೆ ಕಟ್ಟಿಸುತ್ತಿರುವವರಿಗೆ ಕೆಲವು ಮಾತು. ಮರಳಿನ ಲೋಡು ಇಳಿಸುವ ಮೊದಲು ಯಾವ ಕ್ರಷರಿನದು, ತೊಳೆದದ್ದೇ ಎಂದು ಕೇಳಿ. ಒಂದು ಹಿಡಿಯನ್ನು ಬಾಟಲಿಗೆ ಹಾಕಿ ಕುಲುಕಿ ನೋಡಿ. ಗುಮಾನಿ ಬಂದ ಪುಡಿಯ ಮೇಲೆ ನಾಲ್ಕು ಹನಿ ನಿಂಬೆರಸ ಬಿಡಿ, ನೊರೆ ಎದ್ದರೆ ಅದರಲ್ಲಿ ಸುಣ್ಣಕಲ್ಲಿದೆ. ಮಣ್ಣಿನ ಬ್ಲಾಕು ಮಾಡಿಸಿದರೆ ಹುಲ್ಲು ಹೊದಿಸಿ ಮೂರು ವಾರ, ದಿನಕ್ಕೆ ಎರಡು ಸಲ ನೀರು ಚಿಮುಕಿಸಬೇಕು. ಹತ್ತನೇ ದಿನಕ್ಕೆ ಮೇಸ್ತ್ರಿ "ಸಾಕು ಬಿಡಿ ಸಾರ್, ಗಟ್ಟಿಯಾಗೈತೆ" ಅನ್ನುತ್ತಾರೆ. ಸಾಲದು, ಇನ್ನೂ ಹನ್ನೊಂದು ದಿನ ಹಾಕಿಸಿ.